ಕಾರು ನಿಂತಿದ್ದ ಕೋಣೆ

ಪುತ್ತೂರು
೧೨-೧-೧೯೫೮

ಮಡಿಕೇರಿಯ ಚಳಿಯಲ್ಲಿ ಕೂತಿರುವ ನನ್ನ ಹಿರಿಮಗಳು ಸುಹರಾಳಿಗೆ ನಿನ್ನ ಉಮ್ಮನ ಸಲಾಂ.

ಇಲ್ಲಿ ನಾನೂ ನಿನ್ನ ತಂಗಿಯೂ ಸುಖ. ನಾನು ಹೇಳುತ್ತಿದ್ದೇನೆ, ನೆಬೀಸ ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಎಚ್ಚರಿಸಿದ್ದೇನೆ. ಇವತ್ತಿನ ಸುದ್ದಿ ಅವಳದ್ದೇ ಆದ್ದರಿಂದ ಅಕ್ಷರ ಸೊಟ್ಟಗೆ ಹೋದರೆ ನೀನು ಕ್ಷಮಿಸಬೇಕು.

ಸಂಬಂಧ ಗಟ್ಟಿಯಾಯಿತು. ಹುಡುಗನ ಹೆಸರು ಕಬೀರ್. ಮನೆ ಪೆರಾಬೆಯಲ್ಲಿ, ಕೆಲಸ ಪುತ್ತೂರು ಪೇಟೆಯ ಒಂದು ಅಡಿಕೆ ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ಬೀಡಿ ಸೇದುವುದಿಲ್ಲವಂತೆ. ಬೀಡಿ ಕಟ್ಟುವ ಮನೆಯ ಅಳಿಯನಾಗಲು ಅದೊಂದೇ ಕೊರತೆ ಎಂದು ಅಣ್ಣ, ನಿನ್ನ ಹೈದರ್ ಮಾಮ, ನಗಾಡಿದ. ರಂಝಾನ್ ಪೆರ್ನಾಳ್ ಹಬ್ಬ ಕಳೆದು, ಮಳೆ ಹಿಡಿಯುವ ಮೊದಲು ನಿಕಾಹ್ ಎಂದು ಮಾತಾಯಿತು. ನಿನ್ನ ಬಾಪ ಹಡಗಿನಲ್ಲಿರುವುದರಿಂದ ಖಾಝಿಯವರನ್ನು ಕೇಳಿ, ಬಾಪನ ಬದಲು ಅವರೇ ನಿಂತು ನಿಕಾಹ್ ಓದಿಸುವ ವ್ಯವಸ್ಥೆ ಮಾಡಿಸುತ್ತೇನೆಂದು ಅಣ್ಣ ಹೇಳಿದ್ದಾನೆ.

ಹುಡುಗನ ಕಡೆಯವರು ಚಿನ್ನ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ಹುಡುಗನ ಅಕ್ಕ ಮಾತ್ರ ಜಗಲಿಯಿಂದ ಅಡುಗೆಮನೆಯವರೆಗೆ ನಡೆದು ನೋಡಿ, "ಮದುಮಗನಿಗೆ ಕೋಣೆ ಎಲ್ಲಿ ಉಂಟು?" ಎಂದು ಕೇಳಿದಳು. ನ್ಯಾಯದ ಪ್ರಶ್ನೆಯೇ. ನಮ್ಮ ಮನೆಗಳಲ್ಲಿ ಅಳಿಯ ಬಂದು ಉಳಿಯುವುದು ಹೆಣ್ಣಿನ ಮನೆಯಲ್ಲಿ. ಅವನಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇಲ್ಲದೆ ಹೇಗಾಗುತ್ತದೆ? ಒಳಕೋಣೆ ನಿನ್ನದು. ಒಬ್ಬ ಅಳಿಯನ ಕೋಣೆಯನ್ನು ಇನ್ನೊಬ್ಬ ಅಳಿಯನಿಗೆ ಕೊಡುವುದು ಮರ್ಯಾದೆಯಲ್ಲ. ನಾನು ಉತ್ತರ ಹುಡುಕುತ್ತಿರುವಾಗಲೇ ಅಣ್ಣ ಕೈ ತೋರಿಸಿ ಹೇಳಿಬಿಟ್ಟ: "ಅಗೋ, ಕಾರಿನ ಶೆಡ್ಡು ಉಂಟಲ್ಲ. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಹಂಚು. ಎದುರಿಗೆ ಒಂದು ಗೋಡೆ ಎಬ್ಬಿಸಿದರೆ ಅರಮನೆ!"

ಮರುದಿನ ಮೇಸ್ತ್ರಿ ಜತ್ತಪ್ಪನನ್ನು ಕರೆತಂದು ಅಂದಾಜನ್ನೂ ಹಾಕಿಸಿದ. ಎದುರಿನ ಗೋಡೆಗೆ ಕಲ್ಲು, ಗಾಡಿ ಬಾಡಿಗೆ ಸೇರಿ ನಲವತ್ತೈದು ರೂಪಾಯಿ. ಕೂಲಿ ಅರವತ್ತು. ಹಲಸಿನ ಮರದ ಬಾಗಿಲು ದಾರಂದ ಐವತ್ತೈದು, ಸರಳು ಹಾಕಿದ ಎರಡು ಕಿಟಕಿ ನಲವತ್ತು. ನೆಲಕ್ಕೆ ಸಿಮೆಂಟು, ಕೆಂಪು ಬಣ್ಣ ಎಪ್ಪತ್ತು. ಹಂಚಿನಡಿಗೆ ಮರದ ಮುಚ್ಚಿಗೆ ತೊಂಬತ್ತು, ಗಾರೆ ಸುಣ್ಣ ಮೂವತ್ತು. ಮಂಚವೂ ನಾವೇ ಮಾಡಿಸಬೇಕು, ಅದಕ್ಕೆ ಅರವತ್ತು. ಎಲ್ಲ ಕೂಡಿ ನಾನೂರ ಐವತ್ತು. ನನ್ನ ಕೈಯಲ್ಲಿ ಬೀಡಿಯದ್ದೂ ಆಡು ಮಾರಿದ್ದೂ ಸೇರಿ ಇನ್ನೂರ ಅರವತ್ತು ಉಂಟು.

ಆದರೆ ಸುಹರಾ, ನಿನ್ನ ಬಾಪನ ಕಾರನ್ನು ಅಲ್ಲಿಂದ ಅಲ್ಲಾಡಿಸಲು ನನಗೆ ಮನಸ್ಸಿಲ್ಲ. ಅಡುಗೆಮನೆಯ ಬದಿಯಲ್ಲಿ ಮಾಡು ಇಳಿಸಿ, ಅಡಿಕೆ ಸೋಗೆ ಹೊದೆಸಿ ಕೋಣೆ ಮಾಡಿದರೆ ನೂರಿಪ್ಪತ್ತರಲ್ಲಿ ಮುಗಿಯುತ್ತದೆ. ಹಾಗೆಂದದ್ದಕ್ಕೆ ಅಣ್ಣ ಚಾಪೆಯಿಂದ ಎದ್ದೇ ಹೋದ. "ಅಳಿಯನನ್ನು ಸೋಗೆಯಡಿ ಮಲಗಿಸಿ, ಓಡದ ಕಾರನ್ನು ಹಂಚಿನಡಿ ಇಡ್ತೀಯಾ ನೀನು?" ಎಂದು ಅಂಗಳದಲ್ಲಿ ನಿಂತು ಕೂಗಿದ. ಅಳಿಯ ಸಮದನನ್ನು ಕೇಳಿ, ನಿನಗೆ ಏನನ್ನಿಸುತ್ತದೆ ಬರಿ. ಮಕ್ಕಳ ನೆಗಡಿ ವಾಸಿಯಾಯಿತೇ?

ನಿನ್ನ ಉಮ್ಮ,
ಜೈನಬಮ್ಮ

ಅಕ್ಕಾ, ಉಮ್ಮ ನಮಾಝಿಗೆ ಎದ್ದುಹೋದಳು, ಈ ಸಾಲುಗಳು ನನ್ನವು. ಬಾಪ ಹೋಗಿ ಆರು ವರ್ಷವಾಯಿತು. ಟಯರುಗಳು ನೆಲಕ್ಕೆ ಅಂಟಿವೆ, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಆದರೂ ಪ್ರತಿ ಶುಕ್ರವಾರ ಉಮ್ಮ ಶೆಡ್ಡಿನ ಬಾಗಿಲು ತೆರೆದಿಟ್ಟು ಕಾರಿನ ಗಾಜು ಒರೆಸುತ್ತಾಳೆ. ಅದನ್ನು ನೋಡುವಾಗ ನನಗೆ ಮದುವೆಯೂ ಬೇಡ, ಕೋಣೆಯೂ ಬೇಡ ಅನಿಸುತ್ತದೆ. ಮತ್ತೆ ಬೇಕು ಅಂತಲೂ ಅನಿಸುತ್ತದೆ. ಮಾತುಕತೆಗೆ ಬಂದ ದಿನ ಕಬೀರರನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಉಮ್ಮನಿಗೆ ನೀನೇ ಹೇಗಾದರೂ ಹೇಳು. ನೆಬೀಸ.


ಮಡಿಕೇರಿ
೨೬-೧-೧೯೫೮

ನನ್ನ ಉಮ್ಮನಿಗೆ ಮಗಳು ಸುಹರಾಳ ಸಲಾಂ. ಓದಿ ಹೇಳುತ್ತಿರುವ ತಂಗಿಗೂ.

ಕಾಗದ ತಲುಪಿದ ದಿನ ನಮ್ಮ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆವು. ಹುಡುಗ ಲೆಕ್ಕ ಬರೆಯುವವನೆಂದು ಕೇಳಿ ನಿನ್ನ ಅಳಿಯನಿಗೆ ಬಹಳ ಸಂತೋಷ. ತಮ್ಮ ಅಂಗಡಿಯ ಏಲಕ್ಕಿಯ ಲೆಕ್ಕ ಯಾವಾಗಲೂ ತಪ್ಪುವುದರಿಂದ, ಮನೆಯಲ್ಲಿ ಒಬ್ಬನಾದರೂ ಸರಿಯಾಗಿ ಕೂಡಿಸುವವನು ಬರಲಿ ಅನ್ನುತ್ತಾರೆ.

ಉಮ್ಮಾ, ಹೈದರ್ ಮಾಮನ ಅಂದಾಜನ್ನು ನಾನು ಎರಡು ಸಂಜೆ ಕೂತು ನೋಡಿದೆ. ಮಾಮ ಕೋಣೆಗಿಂತ ಹೆಚ್ಚು ತನ್ನ ಮರ್ಯಾದೆಗೇ ಖರ್ಚು ಹಾಕಿದ್ದಾರೆ. ಮರದ ಮುಚ್ಚಿಗೆ ಯಾಕೆ? ಮದುಮಗನ ಕೋಣೆಗೆ ಹೇಗೂ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟಬೇಕು. ಹನ್ನೆರಡು ರೂಪಾಯಿಯ ಬಟ್ಟೆ ತಂದರೆ ಹಂಚಿನ ಧೂಳೂ ಬೀಳುವುದಿಲ್ಲ, ನೋಡಲೂ ಚೆಂದ. ಮಂಚವನ್ನು ಹೊಸದಾಗಿ ಮಾಡಿಸುವುದು ಬೇಡ. ನನ್ನ ಕೋಣೆಯ ಮಂಚವನ್ನು ಅಲ್ಲಿಗೆ ಹಾಕಿಸು. ನಾವು ಬಂದಾಗ ಚಾಪೆಯಲ್ಲಿ ಮಲಗಿದರೆ ನಮ್ಮ ಬೆನ್ನೇನೂ ಮುರಿಯುವುದಿಲ್ಲ. ಕೋಣೆಯನ್ನೇ ಕೊಟ್ಟುಬಿಡು ಅಂದರೆ ನೀನು ಒಪ್ಪುವವಳಲ್ಲ, ಮಂಚಕ್ಕಾದರೂ ಒಪ್ಪು. ಶೆಡ್ಡಿನ ಎದುರಿಗಿರುವ ಎರಡು ದೊಡ್ಡ ಮರದ ಬಾಗಿಲುಗಳನ್ನು ಒಲೆಗೆ ಹಾಕಬೇಡಿ. ಆಚಾರಿಯವರಿಗೆ ಕೊಟ್ಟರೆ ಕಿಟಕಿಯ ಪಡಿ ಅದರಲ್ಲೇ ಆಗುತ್ತದೆ, ಹದಿನೈದು ರೂಪಾಯಿ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ ಇನ್ನೂರ ತೊಂಬತ್ತೇಳಕ್ಕೆ ಕೋಣೆ ನಿಲ್ಲುತ್ತದೆ. ನೆಬೀಸಳ ಭಾವ ನೂರು ರೂಪಾಯಿ ಮನಿಯಾರ್ಡರು ಮಾಡುತ್ತಿದ್ದಾರೆ. ನಿನ್ನ ಕೈಯಲ್ಲಿರುವುದಕ್ಕೆ ಅದು ಸೇರಿದರೆ ಮೇಲಿಂದ ಅರವತ್ತು ಚಿಲ್ಲರೆ ಉಳಿದೀತು.

ಹಾಗಾಗಿ ದುಡ್ಡಿನ ಚಿಂತೆ ಮುಗಿಯಿತು. ಉಳಿದದ್ದು ಕಾರು.

ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಕಾಗದವನ್ನು ಎರಡು ದಿನ ಹಾಗೆಯೇ ಇಟ್ಟಿದ್ದೆ. ಬಸ್ಸುಗಳು ಬಂದು ಬಾಡಿಗೆ ಕಾರಿಗೆ ಜನ ಇಲ್ಲವಾದಾಗ ಬಾಪ ಎಷ್ಟು ಸೋತು ಹೋಗಿದ್ದರೆಂಬುದು ನನಗೆ ನೆನಪಿದೆ. ಎರಡು ವರ್ಷ ಹಡಗಿನಲ್ಲಿ ದುಡಿದು ಬಂದು ಕಾರನ್ನು ರಿಪೇರಿ ಮಾಡಿಸುತ್ತೇನೆ ಅಂದಿದ್ದರು. ಆ ಮಾತನ್ನು ನೀನು ಹಿಡಿದುಕೊಂಡು ಕೂತಿದ್ದೀ. ಅದನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ಬಾಪ ನಾಳೆಯೇ ಬಂದು ನಿಂತರೂ ಆ ಕಾರು ಇನ್ನು ಅವರ ಕೈಯಲ್ಲಿ ಓಡಲಾರದು. ಅವರು ಬಂದಾಗ ಶೆಡ್ಡಿನಿಂದ ಒಬ್ಬ ಅಳಿಯ ಎದ್ದುಬಂದು ಸಲಾಂ ಹೇಳಿದರೆ ಅವರಿಗೆ ಬೇಸರವಾದೀತೇ? ಯೋಚಿಸು. ನಿನಗೆ ನೋವಾಗುವುದಾದರೆ ಸೋಗೆಯ ಕೋಣೆಯೇ ಆಗಲಿ, ನಾನು ಮಾಮನ ಹತ್ತಿರ ಮಾತಾಡುತ್ತೇನೆ.

ನಿನ್ನ ಮಗಳು,
ಸುಹರಾ

ನೆಬೀಸಾ, ಬಾಗಿಲ ಸಂದಿಯಿಂದ ನೋಡಿದ್ದನ್ನು ಓದಿ ಭಾವ ನಕ್ಕರು. ನೋಡಲು ಹೇಗಿದ್ದಾರೆಂದು ಬರೆಯುವುದನ್ನು ಮಾತ್ರ ನೀನು ಮರೆತೆ.


ಪುತ್ತೂರು
೬-೪-೧೯೫೮

ಪ್ರೀತಿಯ ಅಕ್ಕನಿಗೆ ನಿನ್ನ ನೆಬೀಸಳ ಸಲಾಂ. ರಂಝಾನಿನ ನೋಂಬು ಎಲ್ಲರಿಗೂ ಸುಖವಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ.

ಎರಡು ತಿಂಗಳು ಕಾಗದ ಬರೆಯಲಿಲ್ಲವೆಂದು ನೀನು ಸಿಟ್ಟಾಗಿರುತ್ತೀ. ನಡುವೆ ಬರೆದಿದ್ದರೆ ಅರ್ಧ ಸುದ್ದಿ ಬರೆದು ನಿನ್ನ ನಿದ್ದೆ ಕೆಡಿಸಬೇಕಾಗಿತ್ತು. ಈಗಲೂ ಉಮ್ಮ ಹೇಳಿ ಬರೆಸುತ್ತಿಲ್ಲ. "ನಡೆದದ್ದನ್ನೆಲ್ಲ ನೀನೇ ಬರಿ, ನಂಗೆ ಎರಡು ಸಲ ಹೇಳ್ಲಿಕ್ಕೆ ಆಗುದಿಲ್ಲ" ಅಂದಳು. ಆದ್ದರಿಂದ ಇದು ಉದ್ದವಾಗುತ್ತದೆ. ಮಕ್ಕಳನ್ನು ಮಲಗಿಸಿ ಓದು.

ನಿನ್ನ ಕಾಗದವನ್ನು ನಾನು ಓದುವಾಗ ಉಮ್ಮ ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮಂಚದ ಮಾತು ಬಂದಾಗ ಕೈ ನಿಲ್ಲಿಸಿದಳು. ಕಾರಿನ ಮಾತು ಬಂದಾಗ ಮತ್ತೆ ಕಟ್ಟಲು ಶುರುಮಾಡಿದಳು. ಮುಗಿದ ಮೇಲೆ, "ಖರ್ಚಿನದ್ದು ಮಾತ್ರ ಇನ್ನೊಮ್ಮೆ ಓದು" ಅಂದಳು. ಓದಿದೆ. "ಸುಹರಾ ಜಾಣೆ" ಅಂದವಳು ಮತ್ತೆ ಮೊರಕ್ಕೆ ಕೈ ಹಾಕಿದಳು.

ಅದರ ಮುಂದಿನ ವಾರ ಹೈದರ್ ಮಾಮ ಯಾರನ್ನೂ ಕೇಳದೆ ಐವರ್ನಾಡಿನ ಮೇದಪ್ಪ ಗೌಡರನ್ನು ಕರೆದುಕೊಂಡು ಬಂದರು. ಅವರು ಹಳೆಯ ಕಾರು ಕೊಂಡು, ಸರಿಮಾಡಿಸಿ, ಸುಳ್ಯದಲ್ಲಿ ಬಾಡಿಗೆಗೆ ಬಿಡುವವರಂತೆ. ಶೆಡ್ಡಿನ ಹೊಂಡಕ್ಕೆ ಇಳಿದು ಕಾರಿನ ಅಡಿಯನ್ನೆಲ್ಲ ನೋಡಿ, ಮೈಯೆಲ್ಲ ಜೇಡರ ಬಲೆಯಾಗಿ ಎದ್ದುಬಂದರು. "ಇಂಜಿನ್ ಗಟ್ಟಿ ಉಂಟು. ಐನೂರ ಐವತ್ತು ಕೊಡ್ತೇನೆ. ಆದ್ರೆ ಕಾರಿನ ಪುಸ್ತಕ ನನ್ನ ಹೆಸರಿಗೆ ಮಾಡ್ಬೇಕಾದ್ರೆ ಮಾಲಕರ ಸೈನ್ ಬೇಕು, ಜೈನಬಮ್ಮ" ಅಂದರು.

ಮಾಮ ಹಣೆಗೆ ಕೈ ಇಟ್ಟುಕೊಂಡು ಜಗಲಿಯಲ್ಲಿ ಕೂತುಬಿಟ್ಟರು. "ಆಯ್ತಲ್ಲ! ಮೊಯ್ದೀನ್ ಯಾವ ಸಮುದ್ರದಲ್ಲಿದ್ದಾನೋ. ಅವನ ಸೈನ್ ಎಲ್ಲಿಂದ ತರುದು ಮಾರಾಯ್ರೆ?"

ಬಾಗಿಲ ಹಿಂದೆ ನಿಂತಿದ್ದ ಉಮ್ಮ ಸೆರಗು ಸರಿಮಾಡಿಕೊಂಡು, ಸಾಧಾರಣ ದನಿಯಲ್ಲೇ ಹೇಳಿದಳು: "ಸಮುದ್ರದಲ್ಲಿ ಇಲ್ಲ. ಬೊಂಬಾಯಿಯಲ್ಲಿ ಇದ್ದಾರೆ. ವಿಳಾಸ ಉಂಟು."

ಅಕ್ಕಾ, ಬೀದಿಯ ಹೆಸರು, ಚಾಳದ ಹೆಸರು, ಎಷ್ಟನೇ ಮಾಳಿಗೆ, ಕೋಣೆಯ ನಂಬರು, ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದಳು. ಮೇದಪ್ಪ ಗೌಡರು ಒಳ್ಳೆಯವರು. ಇದು ತಾವು ನಿಲ್ಲುವ ಹೊತ್ತಲ್ಲವೆಂದು ಅವರಿಗೆ ಅರ್ಥವಾಯಿತು. "ಸೈನ್ ಬಂದ ಮೇಲೆ ಹೇಳಿ ಕಳಿಸಿ, ನಾನು ಬೇರೆ ಕಾರು ನೋಡುದಿಲ್ಲ" ಎಂದು ಹೇಳಿ ಕೊಡೆ ತೆಗೆದುಕೊಂಡು ಹೊರಟರು.

ಆಮೇಲೆ ಮಾಮ ಕೂಗಾಡಿದ್ದನ್ನು ನಾನು ಬರೆಯುವುದಿಲ್ಲ. ಅವರು ಕೂಗಿ ಮುಗಿಸಿದ ಮೇಲೆ ಉಮ್ಮ ಹೇಳಿದ್ದು ಇಷ್ಟು. ನಾಲ್ಕು ವರ್ಷದಿಂದ ಅವಳಿಗೆ ಗೊತ್ತು. ಬಾಪ ಹಡಗು ಹತ್ತಿದ್ದು ಒಂದೇ ವರ್ಷ. ಆಮೇಲೆ ಬೊಂಬಾಯಿಯಲ್ಲೇ ಯಾರದೋ ಕಾರು ಓಡಿಸುವ ಕೆಲಸಕ್ಕೆ ಸೇರಿದ್ದಾರೆ. ಅಲ್ಲಿ ಒಂದು ಮನೆ ಮಾಡಿದ್ದಾರೆ. ಒಂದು ಹೆಣ್ಣು ಮಗು ಇದೆ.

ನನಗೆ ಅಳು ಬರಲಿಲ್ಲ, ಯಾಕೋ ಸಿಟ್ಟು ಬಂತು. "ಹಾಗಾದ್ರೆ ನೀನು ಶುಕ್ರವಾರ ಶುಕ್ರವಾರ ಕಾರಿನ ಗಾಜು ಒರೆಸಿದ್ದು ಎಂತಕ್ಕೆ?" ಎಂದು ಕೇಳಿದೆ. ಅಷ್ಟು ಗಟ್ಟಿಯಾಗಿ ನಾನು ಅವಳ ಎದುರು ಮಾತಾಡಿದ್ದು ಅದೇ ಮೊದಲು.

"ದಾರಿಯಲ್ಲಿ ಹೋಗುವವರು ನೋಡ್ಲಿ ಅಂತ" ಅಂದಳು. "ಕಾರು ಅಲ್ಲಿ ಇದ್ದಷ್ಟು ದಿನ ನಾನು ಗಂಡ ಹಡಗಿನಲ್ಲಿ ಇರುವವಳು. ಕಾರು ಹೋದ ದಿನ ಗಂಡ ಬಿಟ್ಟವಳು. ಬಿಟ್ಟವಳ ಮಗಳನ್ನು ಕೇಳ್ಕೊಂಡು ಪೆರಾಬೆಯಿಂದ ಯಾರು ಬರ್ತಿದ್ರು, ಹೇಳು?"

ನಾವಿಬ್ಬರೂ ಅವಳನ್ನು ನೋಡಿ ಎಷ್ಟು ಮರುಗಿದ್ದೆವು ಅಕ್ಕ! ಕಾಯುತ್ತಿದ್ದಾಳೆ, ಪಾಪ, ಅಂದುಕೊಂಡಿದ್ದೆವು. ಅವಳು ಕಾಯುತ್ತಿದ್ದದ್ದು ಬಾಪನನ್ನಲ್ಲ, ನನ್ನನ್ನು.

ಮಾಮ ಸ್ವಲ್ಪ ತಣ್ಣಗಾಗಿ ಒಂದು ದಾರಿ ಹೇಳಿದರು. ಕಾರು ಇದ್ದಲ್ಲೇ ಇರಲಿ, ಸೋಗೆಯ ಕೋಣೆಯೇ ಆಗಲಿ, ಮದುವೆ ಮುಗಿಯಲಿ. ಒಂದು ಮಗುವಾದ ಮೇಲೆ ನಿಧಾನವಾಗಿ ತಿಳಿಸಿದರೆ ಯಾರೂ ಏನೂ ಮಾಡುವ ಹಾಗಿಲ್ಲ. ಉಮ್ಮ ಒಪ್ಪಲಿಲ್ಲ. ಬಾಪ ಹಡಗಿನಲ್ಲಿದ್ದಾರೆ ಎಂದು ಸುಳ್ಳು ಹೇಳಿ, ಅವರ ಬದಲು ಖಾಝಿಯವರನ್ನು ನಿಲ್ಲಿಸಿ ನಿಕಾಹ್ ಓದಿಸಲು ತನ್ನಿಂದಾಗದು, ಬದುಕಿರುವ ತಂದೆಯ ಒಪ್ಪಿಗೆ ತರಿಸಿಯೇ ಆಗಬೇಕು ಅಂದಳು. ಮಾಮ ಖಾಝಿಯವರ ಮಾತೆತ್ತಿದ ದಿನದಿಂದ ತನಗೆ ಅನ್ನ ಇಳಿಯುತ್ತಿರಲಿಲ್ಲವಂತೆ. ಮತ್ತೆ ನನ್ನ ಕಡೆ ತಿರುಗಿ, "ಪೆರಾಬೆಗೆ ಹೋಗಿ ಹೇಳಿ ಬರ್ತೇನೆ. ಅವರು ಬೇಡ ಅಂತ ಹೇಳಿದ್ರೂ ಹೇಳ್ಬಹುದು. ನೀನು ಎಂತ ಹೇಳ್ತೀ?" ಎಂದು ಕೇಳಿದಳು.

ಈ ಮದುವೆಯ ವಿಷಯದಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು, ಅದು ಮುರಿಯಬಹುದಾದ ಹೊತ್ತಿನಲ್ಲಿ. ನಾನು ಹೋಗು ಅಂದೆ. ಹೇಳುವಾಗ ಧೈರ್ಯ ಇತ್ತು. ಉಮ್ಮನೂ ಮಾಮನೂ ಬಸ್ಸಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ನೀನು ಕೇಳಿದ್ದೆಯಲ್ಲ, ನೋಡಲು ಹೇಗಿದ್ದಾರೆಂದು. ಎತ್ತರ, ಸ್ವಲ್ಪ ಕಪ್ಪು. ನಗುವಾಗ ತಲೆ ತಗ್ಗಿಸುತ್ತಾರೆ.

ಪೆರಾಬೆಯಲ್ಲಿ ಉಮ್ಮ ಕಬೀರರ ಉಮ್ಮನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಆ ಹೆಂಗಸು ಎಲ್ಲ ಕೇಳಿ, ಕಾಫಿ ಕೊಟ್ಟು, "ಗಂಡಸರತ್ರ ಕೇಳಿ ತಿಳಿಸ್ತೇವೆ" ಎಂದರಂತೆ. ಆ ಮಾತಿಗೆ ಏನರ್ಥ ಎಂದು ಬಸ್ಸಿನಲ್ಲಿ ಪೂರ್ತಿ ದಾರಿ ಮಾಮ ಯೋಚಿಸಿದರಂತೆ. ಉಮ್ಮ ನಿದ್ದೆ ಮಾಡಿದಳಂತೆ.

ಬಂದವಳೇ ನನ್ನನ್ನು ಕೂರಿಸಿ ಬೊಂಬಾಯಿಗೆ ಕಾಗದ ಬರೆಸಿದಳು. ಎಂಥ ಕಾಗದ! ಕಾರು ಮಾರುತ್ತಿದ್ದೇವೆ, ಇಂಥಿಂಥ ಕಡೆ ಸೈನ್ ಮಾಡಿ ಕಳಿಸಿ. ನೆಬೀಸಳ ನಿಕಾಹ್‌ಗೆ ಒಪ್ಪಿಗೆ ಬರೆದು ಕಳಿಸಿ. ಅಷ್ಟೇ. ಕ್ಷೇಮವೇ ಎಂದು ಒಂದು ಮಾತು ಸೇರಿಸಲೇ ಎಂದು ಕೇಳಿದೆ. "ಬೇಡ. ಕ್ಷೇಮವೇ ಇದ್ದಾರೆ" ಅಂದಳು. ಅಕ್ಕಾ, ನಾನು ಅವಳಿಗೆ ಹೇಳದೆ ಕೆಳಗೆ ಒಂದು ಸಾಲು ಬರೆದೆ: ಬಾಪಾ, ಇದನ್ನು ಬರೆಯುತ್ತಿರುವವಳು ನೆಬೀಸ, ಸಾಧ್ಯವಾದರೆ ನನ್ನ ಮದುವೆಗೆ ಬನ್ನಿ. ಯಾಕೆ ಬರೆದೆನೋ ಗೊತ್ತಿಲ್ಲ. ಬಂದಿದ್ದರೆ ಎಲ್ಲರಿಗೂ ಕಷ್ಟವೇ ಆಗುತ್ತಿತ್ತು.

ಪೆರಾಬೆಯಿಂದ ಉತ್ತರ ಬರಲಿಲ್ಲ. ಒಂದು ಶುಕ್ರವಾರ ಕಳೆಯಿತು, ಇನ್ನೊಂದು ಕಳೆಯಿತು. ಬೊಂಬಾಯಿಯ ಲಕೋಟೆಯೇ ಮೊದಲು ಬಂತು. ಎರಡು ಕಾಗದಗಳಿಗೂ ಬಾಪ ಸೈನ್ ಮಾಡಿದ್ದರು. ಜೊತೆಗೆ ಬೇರೇನೂ ಇರಲಿಲ್ಲ. ಎರಡು ದಿನ ಬಿಟ್ಟು ಐವತ್ತು ರೂಪಾಯಿಯ ಮನಿಯಾರ್ಡರು ಬಂತು. ಅದರ ಚೀಟಿಯಲ್ಲಿ ಬಾಪ ಬರೆದಿದ್ದರು: "ಮಗಳೇ, ಬರಲಿಕ್ಕೆ ಮುಖ ಇಲ್ಲ." ನಾನು ಅದನ್ನು ಓದಿ ಹೇಳಿದೆ. ಉಮ್ಮ ನನ್ನ ಮುಖವನ್ನೇ ನೋಡಿ, "ಬನ್ನಿ ಅಂತ ಯಾರು ಕರೆದದ್ದು?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಬೈಯುತ್ತಾಳೆಂದುಕೊಂಡೆ. ಅವಳು ನೋಟುಗಳನ್ನು ಎಣಿಸಿ, "ಸುಣ್ಣ ಗಾರೆಗೆ ಆಯ್ತು, ಮೇಲ್ಕಟ್ಟಿನ ಬಟ್ಟೆಗೂ ಆಯ್ತು" ಎಂದು ಹೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಹೊತ್ತು ಅವಳ ಕಣ್ಣು ನೋಡಲು ನನಗೆ ಧೈರ್ಯವಾಗಲಿಲ್ಲ.

ಮೇದಪ್ಪ ಗೌಡರು ಎರಡು ಜೋಡಿ ಎತ್ತು ತಂದು ಕಾರನ್ನು ಎಳೆಸಿಕೊಂಡು ಹೋದರು. ಟಯರು ನೆಲ ಬಿಟ್ಟು ಏಳುವುದೇ ಇಲ್ಲ! ಜನ ಸೇರಿದರು. ಮೊಯ್ದೀನರು ಬರುವುದಿಲ್ಲವಂತಾ ಎಂದು ಆಚೆಮನೆಯ ಸೇವಂತಿಯಕ್ಕ ಬೇಲಿಯ ಹತ್ತಿರ ನಿಂತು ಮೆಲ್ಲಗೆ ಕೇಳಿದರು. ಉಮ್ಮ, "ಇಲ್ಲ ಸೇವಂತಿ, ಬರುದಿಲ್ಲ" ಅಂದಳು. ಸೇವಂತಿಯಕ್ಕ ಬೇಲಿಯ ಗೇಟು ತೆಗೆದು ಬಂದು, ಪೊರಕೆ ಹಿಡಿದು ಉಮ್ಮನ ಜೊತೆ ಶೆಡ್ಡು ಗುಡಿಸಿದರು. ಆರು ವರ್ಷದ ಕಸ ಇತ್ತು.

ಇನ್ನು ಲೆಕ್ಕ. ನಿನ್ನ ಲೆಕ್ಕದಲ್ಲಿ ಹೊಂಡ ಬಿಟ್ಟು ಹೋಗಿತ್ತು. ಬಾಪ ಕೆಳಗಿಳಿದು ರಿಪೇರಿ ಮಾಡುತ್ತಿದ್ದ ಹೊಂಡ. ಎಣ್ಣೆ ಕುಡಿದ ಮಣ್ಣನ್ನು ಅಗೆದು ತೆಗೆಯದಿದ್ದರೆ ಸಿಮೆಂಟು ಹಾಕಿದರೂ ವಾಸನೆ ಬರುತ್ತದೆ ಎಂದರು ಜತ್ತಪ್ಪ. ಅದನ್ನು ತೆಗೆದು, ಹೊಸ ಮಣ್ಣು ತುಂಬಿ, ದಮ್ಮಸ್ಸು ಮಾಡಲು ಮೂವತ್ತೈದು ಹೆಚ್ಚಾಯಿತು. ಕಾರಿನ ಹಣ ಬಂದದ್ದರಿಂದ ಕಷ್ಟವಾಗಲಿಲ್ಲ. ಆದರೆ ಅಕ್ಕ, ಪೆರಾಬೆಯಿಂದ ಉತ್ತರ ಬಾರದೆ ಕೆಲಸ ಶುರುಮಾಡುವುದು ಬೇಡವೆಂದು ಮಾಮ ಎಷ್ಟು ಹೇಳಿದರು! "ಮದುಮಗನೇ ಇಲ್ಲದ ಮೇಲೆ ಮದುಮಗನ ಕೋಣೆ ಎಂತಕ್ಕೆ? ಹಣ ಬ್ಯಾಂಕಿನಲ್ಲಿ ಇಡು."

ಉಮ್ಮ ಜತ್ತಪ್ಪನಿಗೆ ಕಲ್ಲು ಎತ್ತಿಡಲು ಹೇಳಿ, ಆಮೇಲೆ ಮಾಮನಿಗೆ ಉತ್ತರ ಕೊಟ್ಟಳು. "ಮದುವೆ ಆದ್ರೆ ಅದು ಅಳಿಯನ ಕೋಣೆ. ಆಗದಿದ್ರೆ ನೆಬೀಸಳ ಕೋಣೆ. ಕಾರಿಗೆ ಇಷ್ಟು ವರ್ಷ ಹಂಚಿನ ಮಾಡು ಇತ್ತು ಅಣ್ಣ. ನನ್ನ ಮಗಳಿಗೆ ಇರ್ಬಾರ್ದಾ?"

ಮಾಮ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕಲ್ಲು ಕೊಡಲು ನಿಂತರು. ಅವತ್ತಿನ ಒಂದು ಆಳಿನ ಕೂಲಿ ಉಳಿಯಿತು.

ಗೋಡೆ ಎದೆಮಟ್ಟಕ್ಕೆ ಬರುವಾಗ ನೋಂಬು ಶುರುವಾಗಿತ್ತು. ಕಳೆದ ಭಾನುವಾರ ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ಕಬೀರರು. ಒಬ್ಬರೇ ಬಂದಿದ್ದರು. ನಾನು ಅಡುಗೆಮನೆಗೆ ಓಡಿ ಕಿಟಕಿಯ ಬದಿಯಲ್ಲಿ ನಿಂತೆ. ಉಮ್ಮ ಬಾಗಿಲಿಗೆ ಬಂದಳು. ಅವರು ಜಗಲಿ ಹತ್ತಲೇ ಇಲ್ಲ, ನೇರ ಗೋಡೆಯ ಹತ್ತಿರ ಹೋಗಿ ನಿಂತರು. ತುಂಬ ಹೊತ್ತು ನೋಡಿ ಜತ್ತಪ್ಪನಿಗೆ ಹೇಳಿದರು: "ಕಿಟಕಿ ಈ ಕಡೆ ಬೇಡ ಮಾರಾಯ್ರೆ. ಇಲ್ಲಿ ದಾರಿಯ ಧೂಳು ಬರ್ತದೆ. ಪಡು ಬದಿಗೆ ಒಂದು ಇಡಿ, ಗಾಳಿ ಬರ್ಲಿ. ಅಡುಗೆಮನೆಯೂ ಕಾಣ್ತದೆ."

"ಅಲ್ಲಿ ಹಳೇ ಗೋಡೆ ಒಡೀಬೇಕಲ್ಲ. ಸರಳು ದಾರಂದ ಎಲ್ಲ ಸೇರಿ ಇಪ್ಪತ್ತೆರಡು ಹೆಚ್ಚಾಗ್ತದೆ" ಅಂದರು ಜತ್ತಪ್ಪ.

"ಅದು ನನ್ನ ಲೆಕ್ಕಕ್ಕೆ ಬರಿರಿ."

ಉಮ್ಮ ಅಂಗಳಕ್ಕೆ ಇಳಿದಳು. ಮನೆಯವರು ಏನು ಹೇಳಿದರೆಂದು ಕೇಳಿದಳು. ಅವರು ತಲೆ ತಗ್ಗಿಸಿ ನಕ್ಕರು. ಅವರ ಅಕ್ಕನ ಗಂಡ ಬೇಡ ಅಂದರಂತೆ, ಅಕ್ಕ ಗಂಡನ ಜೊತೆ ಹದಿನೈದು ದಿನ ಜಗಳ ಮಾಡಿದಳಂತೆ. ಕೊನೆಗೆ ಅವರ ಉಮ್ಮ ಇಬ್ಬರನ್ನೂ ಸುಮ್ಮನಿರಿಸಿದರಂತೆ. "ನಾವು ಕೋಣೆ ಎಲ್ಲಿ ಉಂಟು ಅಂತ ಕೇಳಿದ್ದು ಮಾಮಿ. ಮಾವ ಎಲ್ಲಿದ್ದಾರೆ ಅಂತ ಕೇಳ್ಲೇ ಇಲ್ಲ. ಕೇಳದ್ದನ್ನೂ ನೀವೇ ಬಂದು ಹೇಳಿದ್ರಿ. ಅಂಥ ಮನೆ ಬಿಟ್ಟು ಬೇರೆಲ್ಲಿಗೂ ಹೋಗುದು ಬೇಡ ಅಂತ ನನ್ನ ಉಮ್ಮ ಹೇಳಿದ್ರು."

ಅದನ್ನು ಕೇಳಿ ಉಮ್ಮ ಶುರುಮಾಡಿದ್ದು ಇಪ್ಪತ್ತೆರಡು ರೂಪಾಯಿಯ ಜಗಳ! ಅಳಿಯನ ಕೋಣೆಗೆ ಅಳಿಯನೇ ಖರ್ಚು ಮಾಡುವ ಪದ್ಧತಿ ಎಲ್ಲೂ ಇಲ್ಲವೆಂದು ಅವಳು, ಕಿಟಕಿ ಬೇಕಾದವನು ತಾನೆಂದು ಅವರು. ಜತ್ತಪ್ಪ ನಡುವೆ ನಿಂತು ಹನ್ನೊಂದು ಹನ್ನೊಂದಕ್ಕೆ ಒಪ್ಪಿಸಿದರು. ಪಡುವಣ ಕಿಟಕಿಗೆ ನಿನ್ನೆ ದಾರಂದ ಕೂರಿಸಿದರು. ಅಡುಗೆಮನೆಯಲ್ಲಿ ಒಲೆಯ ಹತ್ತಿರ ನಿಂತರೆ ಅದು ನೇರ ಕಾಣುತ್ತದೆ ಅಕ್ಕ. ನಾನು ಅಳೆದು ನೋಡಲಿಲ್ಲ, ಸುಮ್ಮನೆ ಕಂಡಿತು.

ಪೆರ್ನಾಳ್ ಮುಗಿದ ಎರಡನೇ ಭಾನುವಾರ ನಿಕಾಹ್. ನೀವು ಒಂದು ವಾರ ಮೊದಲೇ ಬರಬೇಕು. ಮೇಲ್ಕಟ್ಟನ್ನು ನೀನೇ ನಿಂತು ಕಟ್ಟಿಸಬೇಕೆಂದು ಉಮ್ಮನ ಅಪ್ಪಣೆ. ಬಾಪನ ವಿಷಯ ಓದಿ ನಿನಗೆ ಏನಾಗುತ್ತದೆಂದು ನನಗೆ ಗೊತ್ತಿದೆ. ನೀನು ಅವರ ಜೊತೆ ಹೆಚ್ಚು ವರ್ಷ ಇದ್ದವಳು. ಇಲ್ಲಿಗೆ ಬಾ, ಒಟ್ಟಿಗೆ ಅಳುವ. ಒಬ್ಬಳೇ ಅಳಬೇಡ.

ನಿನ್ನ ಪ್ರೀತಿಯ ತಂಗಿ,
ನೆಬೀಸ

ಮ.ವಿ.: ಕಾಗದ ಮಡಿಸುವಷ್ಟರಲ್ಲಿ ಉಮ್ಮ ಬಂದು ಹತ್ತಿರ ಕೂತಳು. ಇನ್ನು ನಾಲ್ಕು ಮಾತು ಸೇರಿಸಬೇಕಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ಸುಹರಾ, ಬಾಪನ ವಿಳಾಸ ನಂಗೆ ಯಾರು ಕೊಟ್ಟದ್ದು ಅಂತ ನೀನು ಕೇಳಿಯೇ ಕೇಳ್ತೀ. ನಿನ್ನ ಗಂಡ ಸಮದನೇ ಕೊಟ್ಟದ್ದು. ಏಲಕ್ಕಿ ವ್ಯಾಪಾರಕ್ಕೆ ಬೊಂಬಾಯಿಗೆ ಹೋದವ ಹುಡುಕಿ, ಕಂಡು, ನೇರ ನನ್ನತ್ರ ಬಂದು ಹೇಳಿದ. ಇದೇ ಜಗಲಿಯಲ್ಲಿ ಕೂತು ಅತ್ತ. ಆಗ ನೀನು ಚೊಚ್ಚಲ ಬಸುರಿ. ನಿಂಗೆ ಹೇಳುದಿಲ್ಲ ಅಂತ ಅಲ್ಲಾಹನ ಮೇಲೆ ಅವನತ್ರ ಮಾತು ತಕ್ಕೊಂಡವಳು ನಾನು. ಆಮೇಲೆ ಅವನನ್ನು ಆ ಮಾತಿಂದ ಬಿಡಿಸ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ. ಈಗ ಬಿಡಿಸಿದ್ದೇನೆ ಅಂತ ಹೇಳು. ಅವನ ಮೇಲೆ ಸಿಟ್ಟು ಮಾಡ್ಬೇಡ. ಕೇಳುದಾದ್ರೂ ಅವ ನೋಂಬು ಬಿಟ್ಟು, ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಕೇಳು."